ಕರಂಡೆ ಗಿಡಕ್ಕೆ ಬಂದ ನೆಂಟ

ನಮ್ಮ ದೊಡ್ಡಮ್ಮನ ಎದುರು ಸಾಕ್ಷಾತ್ ದೇವರೇ ಪ್ರತ್ಯಕ್ಷನಾದರೂ ಅವಳು ವರ ಕೇಳುವವಳಲ್ಲ. "ನೀವು ಯಾರ ಪೈಕಿ? ಊರು ಎಲ್ಲಾಯ್ತು?" ಅಂತಲೇ ಕೇಳುವವಳು! ಉಡುಪಿ ಕಡೆಯವರಿಗೆ ಇದು ಹುಟ್ಟುಗುಣ, ಒಪ್ಪಿದೆ. ಆದರೆ ಕೋಲ್ಕತ್ತಾದ ಟ್ಯಾಕ್ಸಿಯವನನ್ನೂ ಕೇಳಬೇಕೆ? ಆ ಪುಣ್ಯಾತ್ಮ ಮುತ್ತಜ್ಜನಿಂದ ಶುರುಮಾಡಿ, ಟಾಲಿಗಂಜ್‌ನಲ್ಲಿ ಅವಳ ಮನೆ ಮುಂದೆ ಇಳಿಯಬೇಕಾದ ನಮ್ಮನ್ನು ಸಿಯಾಲ್ದಾ ತೋರಿಸಿಕೊಂಡು ಬಂದ.

ದುರ್ಗಾಪೂಜೆ, ಅಲ್ಲಿಯವರ ಬಾಯಲ್ಲಿ ಪೂಜೋ, ಹತ್ತಿರವಾಗಿದ್ದ ಒಂದು ಮಧ್ಯಾಹ್ನ. ಬೀದಿಗೆ ಬೀದಿಯೇ ಉಂಡು ಮಲಗಿತ್ತು. ಮೆಟ್ರೋ ಸದ್ದು ಕೂಡ ಕನಸಿನಲ್ಲಿ ಕೇಳಿದ ಹಾಗಿತ್ತು. ಉಪ್ಪಿನಕಾಯಿಗೆಂದು ದೊಡ್ಡಪ್ಪ ಊರಿಂದ ತಂದು ತಾರಸಿಯ ಕುಂಡದಲ್ಲಿ ಸಾಕಿದ್ದ ಕರಂಡೆ, ಅಂದರೆ ಕವಳಿಕಾಯಿ ಗಿಡದಲ್ಲಿ, ಬೆರಳು ದಪ್ಪದ ಹಸಿರು ಹುಳುವೊಂದು ಆರಾಮವಾಗಿ ಮೇಯುತ್ತಿತ್ತು. ಕುತ್ತಿಗೆ ಹತ್ತಿರ ಎರಡು ನೀಲಿ ಕಣ್ಣು, ಅದೂ ಸುಳ್ಳು ಕಣ್ಣು, ಬರೀ ಬಣ್ಣ! ಬಾಲಕ್ಕೊಂದು ಕೊಂಬು ಬೇರೆ.

ದೊಡ್ಡಪ್ಪ ಬೇವಿನೆಣ್ಣೆ ಬಾಟ್ಲಿ ಹಿಡಿದು ಬಂದರು. "ಗಿಡ ಹೋದ್ರೆ ನನ್ನ ಉಪ್ಪಿನಕಾಯಿಯೂ ಹೋಯ್ತು!"

"ನಿಲ್ಲಿ ಮಾರಾಯ್ರೆ! ಯಾರು ಎಂತ ಗೊತ್ತಿಲ್ಲದೆ ಕೊಲ್ಲುದಾ? ನಾಳೆವರೆಗೆ ತಡೀರಿ." ದೊಡ್ಡಮ್ಮ ಅಡ್ಡ ಬಂದಳು.

ನಾನು ಫೋಟೋ ತೆಗೆದು ಮೊಬೈಲನ್ನು ಕೇಳಿದೆ. ಅದು "ಹಸಿರು ಹಾವು" ಎಂದಿತು! ದೊಡ್ಡಪ್ಪ ಬಾಟ್ಲಿ ಸಮೇತ ಹಿಂದೆ ಸರಿದು, "ಹಾಗಾದ್ರೆ ಹಾಲು ತರ್ಲಾ?" ಅಂದರು.

ದೊಡ್ಡಮ್ಮನಿಗೆ ಮೊಬೈಲಿನ ಮೇಲೆ ನಂಬಿಕೆಯೇ ಇಲ್ಲ. ಅವಳೂ ದೊಡ್ಡಪ್ಪನೂ ಬಹಳ ವರ್ಷ ಕೇಟರಿಂಗ್ ಮಾಡಿದವರು. ಎಲೆ ಮುಂದೆ ಕೂತವರು ಮೊದಲು ಯಾವುದಕ್ಕೆ ಕೈಹಾಕುತ್ತಾರೆ ನೋಡಿ ಊರು ಹೇಳುತ್ತೇನೆ ಅನ್ನುವುದು ಅವಳ ಜಂಬ. ಸರಿ, ತಟ್ಟೆಯೊಂದರಲ್ಲಿ ತುಳಸಿ, ಕರಿಬೇವು, ನಿಂಬೆ, ಕಣಗಿಲೆ ಎಲೆಗಳನ್ನು ಸಾಲಾಗಿ ಬಡಿಸಿ ಹುಳುವನ್ನು ಪಂಕ್ತಿಗೆ ಕೂರಿಸಿದಳು. "ಸಾವಕಾಶ, ನಾಚಿಕೆ ಮಾಡ್ಬೇಡ" ಎಂಬ ಉಪಚಾರ ಬೇರೆ! ಅದು ಎಲ್ಲವನ್ನೂ ದಾಟಿ ಹೋಗಿ ಕಣಗಿಲೆಗೆ ಬಾಯಿ ಹಾಕಿತು.

"ಅಯ್ಯೋ, ಅದು ವಿಷ!" ಎಂದು ಕಿರುಚಿದ್ದು ನಾನು. ಹುಳು ಮಾತ್ರ ಎಲೆ ಮುಗಿಸಿ ಇನ್ನೊಂದು ಬಡಿಸಿಕೊಂಡಿತು.

ಆ ಸುಳಿವು ಹಿಡಿದು ಹುಡುಕಿದಾಗ ಸಿಕ್ಕಿತು ನೋಡಿ: ಕಣಗಿಲೆ ಪತಂಗದ ಮರಿ! ಕಣಗಿಲೆ, ನಂದಿಬಟ್ಟಲು, ಕರಂಡೆ, ಹೀಗೆ ಮುರಿದರೆ ಹಾಲು ಸುರಿಸುವ ಗಿಡಗಳೇ ಅದರ ಊಟ. ಇನ್ನು ಅದಕ್ಕೆ ಕಣಗಿಲೆ, ದೊಡ್ಡಪ್ಪನಿಗೆ ಕರಂಡೆ ಎಂದು ತೀರ್ಮಾನವಾಯಿತು.

"ಹೆಸರು ಗೊತ್ತಾದ್ರೆ ಹುಳು ಹುಳುವಲ್ಲದೆ ಹೋಗ್ತದಾ?" ದೊಡ್ಡಪ್ಪ ಗೊಣಗಿದರು.

ದೊಡ್ಡಮ್ಮ ತಟ್ಟೆ ನೋಡುತ್ತಲೇ ಅಂದಳು: "ಮದುವೆಯಾಗಿ ಈ ಊರಿಗೆ ಬಂದಾಗ ನನ್ನನ್ನು ಒಬ್ಬರೂ ಕೇಳ್ಲಿಲ್ಲ, ಯಾರ ಪೈಕಿ ಅಂತ. ಎಲ್ಲರಿಗೂ ನಾನು ಬರೀ 'ಮದ್ರಾಜಿ ಬೌದಿ', ಮದ್ರಾಸಿ ಅತ್ತಿಗೆ. ಎಷ್ಟು ಬೇಜಾರಾಗ್ತಿತ್ತು ಗೊತ್ತುಂಟಾ?"

ದೊಡ್ಡಪ್ಪ ಬಾಟ್ಲಿ ಎತ್ತಿಕೊಂಡು ಕೆಳಗೆ ಹೋದರು.

ಹುಳು ಕಂದು ಬಣ್ಣಕ್ಕೆ ತಿರುಗಿ, ಕುಂಡದ ಒಣಗಿದ ಎಲೆಗಳ ಅಡಿ ಸೇರಿ, ಕೋಶವಾಗಿ ನಿದ್ದೆಹೋಯಿತು. ಪೂಜೋ ಗದ್ದಲವೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಕರಂಡೆ ಕೊಂಬೆಯಲ್ಲಿ ಪತಂಗ ಕೂತಿತ್ತು. ಪಾಚಿ ಹಸಿರು, ಅದರೊಳಗೆ ತೆಳು ಗುಲಾಬಿ. ಎಷ್ಟು ಚೆಂದವೆಂದರೆ ನಾವು ಪಿಸುಮಾತಿನಲ್ಲೇ ಮಾತಾಡಿದೆವು. ಆದರೆ ಕಾಗೆಗಳಿಗೂ ಅದು ಕಾಣಬೇಕೆ! ಆಗ ದೊಡ್ಡಪ್ಪ ಕೊಡೆ ಬಿಚ್ಚಿ ಗಿಡಕ್ಕೆ ಅಡ್ಡ ನಿಂತರು. ಮಂಡಿನೋವಿನ ಮನುಷ್ಯ, ಊಟಕ್ಕೂ ಇಳಿಯಲಿಲ್ಲ.

ಮುಸ್ಸಂಜೆ ಅದು ರೆಕ್ಕೆ ನಡುಗಿಸಿ ಹಾರಿಹೋಯಿತು. ದೊಡ್ಡಮ್ಮನಿಗೆ ಅಳು ತಡೆಯಲಿಲ್ಲ. ಪಕ್ಕದ ತಾರಸಿಯಲ್ಲಿ ಜನ ಇದ್ದರು. ದೊಡ್ಡಪ್ಪ ಮೆಲ್ಲನೆ ಕೊಡೆಯನ್ನು ಆ ಕಡೆಗೆ ವಾಲಿಸಿ, ಅವಳ ಅಳು ಮುಗಿಯುವವರೆಗೆ ಹಾಗೇ ಹಿಡಿದು ನಿಂತರು.