ಸಂತೇಬೆನ್ನೂರಿನಲ್ಲಿ ಆತಂಕದ ಅಳತೆ

ತೂಕದ ಯಂತ್ರದ ಮೇಲೆ ನಿಂತವರನ್ನು ನೀವು ಗಮನಿಸಿರಬಹುದು. ಚಪ್ಪಲಿ ಬಿಡುತ್ತಾರೆ, ಕೈಚೀಲವನ್ನು ಪಕ್ಕದವರಿಗೆ ಕೊಡುತ್ತಾರೆ, ಕೊನೆಗೆ ಉಸಿರನ್ನೂ ಬಿಗಿಹಿಡಿಯುತ್ತಾರೆ. ಅದರಿಂದ ಏನೂ ಕಡಿಮೆಯಾಗುವುದಿಲ್ಲ ಎಂದು ಗೊತ್ತಿದ್ದೂ ಹಿಡಿಯುತ್ತಾರೆ. ಯಾರೋ ತನ್ನನ್ನು ಅಳೆಯುತ್ತಿದ್ದಾರೆ ಎಂದು ತಿಳಿದ ಕೂಡಲೇ ಮನುಷ್ಯ ತಾನು ತಾನಾಗಿ ಉಳಿಯುವುದಿಲ್ಲ. ಮೈಯ ಗತಿಯೇ ಹೀಗಾದರೆ ಮನಸ್ಸನ್ನು ಅಳೆಯಲು ಹೊರಟವರ ಗತಿ ಏನು? ಈ ಪ್ರಶ್ನೆಯನ್ನು ನಾನು ಮನಶ್ಶಾಸ್ತ್ರದ ಸಂಶೋಧನೆಗೆ ಸೇರುವ ಮೊದಲೇ ಕೇಳಿಕೊಳ್ಳಬೇಕಿತ್ತು. ಆಗ ಹೊಳೆಯಲಿಲ್ಲ. ಈಗ ಚನ್ನಗಿರಿಯ ಬಸ್‌ಸ್ಟ್ಯಾಂಡಿನಲ್ಲಿ ಸಂತೇಬೆನ್ನೂರಿನ ಬಸ್ಸಿಗೆ ಕಾಯುವಾಗೆಲ್ಲ ಹೊಳೆಯುತ್ತದೆ.

ನನ್ನ ವಿಷಯ ಗ್ರಾಮೀಣ ಗೃಹಿಣಿಯರ ಆತಂಕ. ಈ ವಿಷಯದಲ್ಲಿ ನನಗೆ ಹುಟ್ಟಿನಿಂದಲೇ ಅನುಭವವಿದೆ. ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋಗಿ, ಹಿಂದಿರುಗಿ ಬಂದು ಬೀಗ ಜಗ್ಗಿ ನೋಡುವವಳು ನಾನು. ಫೋನು ಬಂದರೆ ಎದೆ ಹಾರುತ್ತದೆ, ಬರದಿದ್ದರೆ ಯಾಕೆ ಬರಲಿಲ್ಲವೆಂದು ಹಾರುತ್ತದೆ. ಆದರೆ ಇದನ್ನು ಯಾರಿಗೂ ಹೇಳಿದವಳಲ್ಲ. ನಮ್ಮ ವಿಭಾಗದಲ್ಲಿ ನನಗೆ ಶಾಂತಸ್ವಭಾವದವಳು ಎಂಬ ಹೆಸರಿದೆ. ಮಾತು ಕಡಿಮೆ ಇರುವವರಿಗೆಲ್ಲ ಜನ ಆ ಹೆಸರು ಕೊಡುತ್ತಾರೆ. ಇರಲಿ, ಈ ಕೆಲಸಕ್ಕೆಂದು ನನ್ನ ಬಳಿ ಒಂದು ಮಾಪನ ಪಟ್ಟಿಯಿದೆ. ಅದರಲ್ಲಿ ಇಪ್ಪತ್ತು ಹೇಳಿಕೆಗಳು. ಒಂದೊಂದನ್ನೂ ನಾನು ಓದಬೇಕು, ಎದುರಿಗಿರುವವರು 'ಎಂದೂ ಇಲ್ಲ', 'ಕೆಲವೊಮ್ಮೆ', 'ಆಗಾಗ', 'ಯಾವಾಗಲೂ' ಎಂಬ ನಾಲ್ಕರಲ್ಲಿ ಒಂದನ್ನು ಆರಿಸಬೇಕು. ಅಂಕ ಕೂಡಿಸಿದರೆ ಆತಂಕ ಎಷ್ಟೆಂದು ತಿಳಿಯುತ್ತದೆ. ನಮ್ಮ ಮಾರ್ಗದರ್ಶಕಿ ಮೇಡಂ ಕೊಟ್ಟ ಮೊದಲ ಪಾಠವೂ ಕೊನೆಯ ಪಾಠವೂ ಒಂದೇ: "ಇದ್ದದ್ದನ್ನು ಇದ್ದಂತೆ ಓದು. ಒಂದು ಅಕ್ಷರ ಸೇರಿಸಬೇಡ, ಒಂದು ಅಕ್ಷರ ಬಿಡಬೇಡ. ಎಲ್ಲ ಮನೆಯಲ್ಲೂ ಒಂದೇ ಅಳತೆಗೋಲು ಇರಬೇಕು."

ಅಳತೆಗೋಲು ಒಂದೇ ಇತ್ತು. ಕಷ್ಟ ಬೇರೆ ಕಡೆಯಿಂದ ಬಂತು. ಸಂತೇಬೆನ್ನೂರಿನಲ್ಲಿ ನಾನು ಆರಿಸಿಕೊಂಡ ಬೀದಿಯಲ್ಲಿ ಯಾರೂ ಒಬ್ಬರೇ ಉತ್ತರ ಹೇಳುತ್ತಿರಲಿಲ್ಲ. ಒಬ್ಬರನ್ನು ಕೇಳಿದರೆ ಕಟ್ಟೆಯ ಮೇಲೆ ಕೂತ ನಾಲ್ವರು ಚರ್ಚಿಸಿ ತೀರ್ಮಾನ ಕೊಡುತ್ತಿದ್ದರು. "ಏಯ್, ನಿಂಗೆ ಕೆಲವೊಮ್ಮೆ ಅಲ್ಲ ಕಣೇ, ಯಾವಾಗ್ಲೂ ಸಿಟ್ಟೇ. ಬರ್ಕೊಳ್ರಿ ಮೇಡಂ, ನಾವು ನೋಡೀವಿ." ಇನ್ನು ಕೆಲವರದು ಅತಿಥಿ ಸತ್ಕಾರ. "ನಿಮಗ್ಯಾವುದು ಅನುಕೂಲ ಆಗತೈತೋ ಅದಕ್ಕೆ ಟಿಕ್ ಹಾಕ್ಯಳ್ರಿ, ಪಾಪ ಬಿಸಿಲಾಗೆ ಬಂದೀರಿ" ಎಂದು ಚಹಾ ಕೊಡುತ್ತಿದ್ದರು. ಜನರು ನಿಜಕ್ಕಿಂತ ಚೆನ್ನಾಗಿ ಕಾಣುವ ಉತ್ತರ ಕೊಡುತ್ತಾರೆ ಎಂದು ನಮ್ಮ ಪಠ್ಯದಲ್ಲಿ ಒಂದು ಅಧ್ಯಾಯವೇ ಇದೆ. ಕೇಳುವವಳಿಗೆ ಚೆನ್ನಾಗಿರಲಿ ಎಂದು ಉತ್ತರ ಕೊಡುವವರ ಬಗ್ಗೆ ಅಲ್ಲಿ ಏನೂ ಬರೆದಿರಲಿಲ್ಲ.

ಇದನ್ನೆಲ್ಲ ಹೇಗೋ ಸಂಭಾಳಿಸಿದೆ. ಸಂಭಾಳಿಸಲಾಗದೆ ಹೋದದ್ದು ನಾಲ್ಕನೆಯ ಹೇಳಿಕೆ: 'ನನ್ನ ಮನೆಯವರಿಗೆ ಏನಾದರೂ ಕೆಟ್ಟದ್ದು ಆಗಿಬಿಡುತ್ತದೆ ಎಂದು ನನಗೆ ಅನಿಸುತ್ತದೆ.' ಬೀದಿಯ ಮೊದಲ ಮನೆ ರುದ್ರಮ್ಮನವರದು. ಬೀದಿಗೆಲ್ಲ ಹಿರಿಯರು, ಅವರು ಹೂಂ ಎಂದರೆ ಉಳಿದವರೂ ಹೂಂ ಎನ್ನುತ್ತಾರೆ. ಅವರ ನಡುಮನೆಯಲ್ಲಿ ಕೂತು, ಮೇಡಂ ಕಲಿಸಿದಂತೆ ಸ್ಪಷ್ಟವಾಗಿ, ಭಾವವಿಲ್ಲದ ದನಿಯಲ್ಲಿ ನಾನು ಆ ವಾಕ್ಯವನ್ನು ಓದಿದೆ. ರುದ್ರಮ್ಮ ಅವರೆಕಾಯಿ ಸುಲಿಯುತ್ತಿದ್ದ ಕೈ ನಿಲ್ಲಿಸಿದರು.

"ಬಿಡ್ತು ಅನ್ನವ್ವ."

"ಇದು ನಾನು ಹೇಳಿದ್ದಲ್ಲಮ್ಮ, ಪ್ರಶ್ನೆ..."

"ಯಾರ್ದಾದ್ರೂ ಆಗ್ಲಿ. ಮುತ್ತೈದೆ ಮನ್ಯಾಗೆ ಕುಂತು ಅಂದೀಯ. ಮ್ಯಾಲೆ ಅಸ್ತು ದೇವತೆಗಳು ಓಡಾಡ್ತಿರ್ತಾರೆ, ಅಸ್ತು ಅಂದ್ಬಿಟ್ರೆ? ಬಿಡ್ತು ಅನ್ನು, ಮುಂದಕ್ಕೋಗು."

ಅಂದಿದ್ದರೆ ಏನು ಗಂಟು ಹೋಗುತ್ತಿತ್ತು? ಎರಡಕ್ಷರದ ಮಾತು. ಆದರೆ ಪಟ್ಟಿಯಲ್ಲಿ ಆ ಎರಡಕ್ಷರ ಇರಲಿಲ್ಲ. ಒಂದು ಮನೆಯಲ್ಲಿ ಬಿಡ್ತು ಎಂದು, ಇನ್ನೊಂದರಲ್ಲಿ ಅನ್ನದೆ ಬಿಟ್ಟರೆ ಅಳತೆಗೋಲು ಎರಡಾಗುತ್ತದೆ. ನಾನು ಸುಮ್ಮನೆ ನಕ್ಕು ಐದನೆಯ ಹೇಳಿಕೆ ಓದಿದೆ. ರುದ್ರಮ್ಮ ಅಲ್ಲಿಂದ ಮುಂದೆ ಎಲ್ಲದಕ್ಕೂ 'ಎಂದೂ ಇಲ್ಲ' ಎಂದರು, ನನ್ನ ಮುಖ ನೋಡದೆ.

ಮರುದಿನ ಸಂತೆಯಲ್ಲಿ ಅವರ ಯಜಮಾನರು ಬಸಣ್ಣ ಕೊಳೆತ ಟೊಮ್ಯಾಟೊ ಮೇಲೆ ಕಾಲಿಟ್ಟು ಜಾರಿ ಬಿದ್ದರು. ಪಾದದ ಮೂಳೆ ಬಿರುಕುಬಿಟ್ಟಿತು. ಸುದ್ದಿ ತಿಳಿಸಿದ್ದು ಅದೇ ಬೀದಿಯಲ್ಲಿ ಬಟ್ಟೆ ಹೊಲಿಯುವ ಶಂಶಾದ್. ಅವರ ಮನೆಯಲ್ಲೂ ನಾನು ಪಟ್ಟಿ ಓದಿದ್ದೆ. ಫೋನಿನಲ್ಲಿ ಶಂಶಾದ್ ವಿಷಯವನ್ನು ಬಹಳ ವೈಜ್ಞಾನಿಕವಾಗಿ ವಿವರಿಸಿದರು.

"ನೋಡ್ರಿ ಮೇಡಂ, ನಮ್ಮನ್ಯಾಗೂ ನೀವು ಅದನ್ನೇ ಓದಿದ್ರಿ. ನಾನು ಆವಾಗ್ಲೇ ತೌಬಾ ತೌಬಾ ಅಂದೆ. ನಮ್ಮೋರು ಗಟ್ಟಿಮುಟ್ಟಾಗೇ ಅವ್ರೆ. ಅವರ ಮನ್ಯಾಗೆ ನೀವು ಬಿಡ್ತು ಅನ್ಲಿಲ್ಲ. ಬಿದ್ರು. ಇದ್ರಾಗೆ ತಿಳಿಯಾಕೆ ಇನ್ನೇನೈತೆ?"

ಪ್ರಯೋಗಕ್ಕೆ ಒಳಗಾದ ಗುಂಪು, ಹೋಲಿಕೆಗೆ ಇಟ್ಟ ಗುಂಪು, ಫಲಿತಾಂಶ, ಎಲ್ಲವೂ ಇತ್ತು. ಎರಡು ಘಟನೆಗಳು ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ ಎಂದು ನಾನು ಪದವಿ ತರಗತಿಯ ಮಕ್ಕಳಿಗೆ ಪಾಠ ಮಾಡಿದ್ದೇನೆ. ಅದನ್ನೇ ಶಂಶಾದ್‌ಗೂ ಹೇಳಿದೆ. "ಹೌದ್ರಿ, ಹೌದ್ರಿ" ಎಂದರು, ಮಗು ಹಟ ಮಾಡಿದಾಗ ಹೇಳುವ ದನಿಯಲ್ಲಿ. ಫೋನಿಟ್ಟ ಮೇಲೆ ನಾನು ಒಂದು ಕೆಲಸ ಮಾಡಿದೆ. ನಾಲ್ಕನೆಯ ಹೇಳಿಕೆಯನ್ನು ಓದಿದ ಮನೆಗಳನ್ನೆಲ್ಲ ನೆನಪಿಸಿಕೊಂಡು, ಒಂದೊಂದು ಮನೆಗೂ ಮನಸ್ಸಿನಲ್ಲೇ ಬಿಡ್ತು, ಬಿಡ್ತು ಎಂದೆ. ನಂಬಿಕೆಯಿಂದಲ್ಲ. ಮುನ್ನೆಚ್ಚರಿಕೆಯಿಂದ.

ಇಷ್ಟಕ್ಕೇ ಮುಗಿದಿದ್ದರೆ ನಾನು ಆ ಬೀದಿಯತ್ತ ತಲೆ ಹಾಕುತ್ತಿರಲಿಲ್ಲ. ಆದರೆ ನಮ್ಮ ಶಾಸ್ತ್ರದಲ್ಲಿ ಮರುಪರೀಕ್ಷೆ ಎಂಬುದೊಂದಿದೆ. ಅದೇ ಪಟ್ಟಿಯನ್ನು ಅದೇ ಜನರಿಗೆ ಕೆಲವು ವಾರ ಬಿಟ್ಟು ಮತ್ತೆ ಓದಬೇಕು. ಉತ್ತರಗಳು ಹೆಚ್ಚುಕಡಿಮೆ ಹೊಂದಿದರೆ ಪಟ್ಟಿ ನಂಬಲರ್ಹ. ನಿನ್ನೆ ಒಂದು ಕೆಜಿ ತೋರಿಸಿದ ತಕ್ಕಡಿ ಇವತ್ತು ಎರಡು ಕೆಜಿ ತೋರಿಸಿದರೆ ಅಂಗಡಿಯವನನ್ನು ಯಾರು ಬಿಡುತ್ತಾರೆ? ಇಡೀ ಬೀದಿ ಬಾಗಿಲು ಹಾಕಿಕೊಂಡರೆ ಮರುಪರೀಕ್ಷೆ ಇಲ್ಲ. ಅದಿಲ್ಲದಿದ್ದರೆ ಈ ವರ್ಷದ ಕೆಲಸವೆಲ್ಲ ನೀರಿನಲ್ಲಿ ಹೋಮ. ಮೇಡಂಗೆ ವಿಷಯ ತಿಳಿಸಿದೆ. ಅವರು ಬಸಣ್ಣನವರ ಕಾಲಿನ ಬಗ್ಗೆ ವಿಷಾದ ವ್ಯಕ್ತಪಡಿಸಿ, "ಹೆದರಿದವರು ಮಾತ್ರ ಬಿಟ್ಟುಹೋದರೆ ಧೈರ್ಯಸ್ಥರ ಲೆಕ್ಕವಷ್ಟೇ ಉಳಿಯುತ್ತದೆ. ಹೇಗಾದರೂ ಆ ಮನೆಗೆ ಹೋಗಿ ಬಾ" ಎಂದರು. ಹೇಗಾದರೂ ಎಂಬುದರ ವಿಧಾನವನ್ನು ಮಾತ್ರ ತಿಳಿಸಲಿಲ್ಲ.

ಹೊರಟೆ. ಬರಿಗೈಯಲ್ಲಿ ಹೋಗುವುದು ಹೇಗೆಂದು ಮೂಸಂಬಿ ಕೊಂಡೆ. ಕೊಂಡ ಮೇಲೆ ನೆನಪಾಯಿತು, ಉತ್ತರಿಸುವವರಿಗೆ ಉಡುಗೊರೆ ಕೊಡುವಂತಿಲ್ಲ, ಉತ್ತರ ಬದಲಾಗುತ್ತದೆ. ದಾರಿಯುದ್ದಕ್ಕೂ ಚಿಂತಿಸಿ, ಮೂಸಂಬಿ ಬಸಣ್ಣನವರಿಗೆ, ಬಸಣ್ಣ ನನ್ನ ಅಧ್ಯಯನದಲ್ಲಿಲ್ಲ ಎಂದು ತೀರ್ಪು ಕೊಟ್ಟುಕೊಂಡೆ. ನಾನು ಬೀದಿಗೆ ಕಾಲಿಡುತ್ತಿದ್ದಂತೆ ಒಬ್ಬಾಕೆ ಒಣಹಾಕುತ್ತಿದ್ದ ಹಪ್ಪಳವನ್ನು ಅರ್ಧಕ್ಕೇ ಬಿಟ್ಟು ಒಳಗೆ ಹೋದಳು. ಇನ್ನೊಂದು ಮನೆಯ ಬಾಗಿಲು ಮೆಲ್ಲಗೆ ಮುಚ್ಚಿತು. ಬಸಣ್ಣ ಜಗಲಿಯ ಮೇಲೆ ಪಟ್ಟಿ ಕಟ್ಟಿದ ಕಾಲು ಚಾಚಿ ಕೂತಿದ್ದರು. ಮೂಸಂಬಿ ಕಂಡು ಅವರ ಮುಖ ಅರಳಿತು.

"ಬಾ ತಾಯಿ, ಬಾ. ನಿನ್ನಿಂದ ನಂಗೆ ರೆಸ್ಟು ಸಿಕ್ಕೈತೆ. ಇನ್ನೊಂದ್ಸಲ ಓದಾಕೆ ಬಂದೀಯೇನು? ಈ ಕಾಲು ವಾಸಿಯಾಗ್ಲಿ ತಡಿ."

"ನೀವು ಸುಮ್ನಿರ್ರಿ" ಎನ್ನುತ್ತ ರುದ್ರಮ್ಮ ಹೊರಬಂದರು. ಹಿಂದೆ ಶಂಶಾದ್ ಮತ್ತು ಹಪ್ಪಳ ಬಿಟ್ಟುಹೋದಾಕೆ. ನಾನು ಮೊದಲೇ ಗಟ್ಟಿ ಮಾಡಿಕೊಂಡಿದ್ದ ಮಾತೆಲ್ಲ ಮರೆತು, ಕ್ಷಮೆ ಕೇಳಿ, ಬಂದ ಕಾರಣ ಹೇಳಿದೆ. ರುದ್ರಮ್ಮ ನನ್ನ ಕೈಯಲ್ಲಿದ್ದ ಪಟ್ಟಿಯತ್ತ ಬೆರಳು ತೋರಿಸಿದರು.

"ಹೇಳ್ತೀನಿ. ಆದ್ರೆ ನೀನು ಕೇಳಿದ್ದಕ್ಕೆಲ್ಲ ನಾವು ಬಾಯಿ ಬಿಡಾದು, ನೀನು ಬೊಂಬೆಂಗೆ ಕುಂತು ಬರ್ಕೊಂಡು ಹೋಗಾದು, ಇದ್ಯಾವ ನ್ಯಾಯ? ಮೊದ್ಲು ನೀನು ಹೇಳು. ಶಂಶಾದ್, ಓದೇ ಅದನ್ನ."

ಶಂಶಾದ್ ನನ್ನ ಕೈಯಿಂದ ಪಟ್ಟಿ ತೆಗೆದುಕೊಂಡು ಗಂಟಲು ಸರಿಮಾಡಿಕೊಂಡರು. ನಾನು ಓದಿದ್ದಕ್ಕಿಂತ ಚೆನ್ನಾಗಿ ಓದಿದರು. ನನಗೆ ರಾತ್ರಿ ನಿದ್ದೆ ಬರುವುದಿಲ್ಲ, ನನ್ನ ಎದೆ ಹೊಡೆದುಕೊಳ್ಳುತ್ತದೆ, ಮಾಡಿದ ಕೆಲಸವನ್ನೇ ಮತ್ತೆ ಮತ್ತೆ ಪರೀಕ್ಷಿಸುತ್ತೇನೆ. ಮೂರು ಜೊತೆ ಕಣ್ಣು, ಜಗಲಿಯಿಂದ ಬಸಣ್ಣನವರ ಕಿವಿ. ಎದೆ ಸಂತೇಬೆನ್ನೂರಿಗೆಲ್ಲ ಕೇಳುವಂತೆ ಹೊಡೆದುಕೊಳ್ಳುತ್ತಿತ್ತು. ನಾನು ಹೇಳಿದೆ, "ಎಂದೂ ಇಲ್ಲ." ಎರಡನೆಯದಕ್ಕೂ ಎಂದೂ ಇಲ್ಲ. ನಾಲ್ಕನೆಯದು ಬಂದಾಗ ಊರಲ್ಲಿರುವ ಅಪ್ಪ ಅಮ್ಮ ಕಣ್ಣ ಮುಂದೆ ಬಂದರು. ಅವಸರವಾಗಿ ಎಂದೂ ಇಲ್ಲ ಎಂದೆ. ಇಪ್ಪತ್ತಕ್ಕೂ ಅದೇ.

"ಪುಣ್ಯವಂತೆ" ಎಂದರು ರುದ್ರಮ್ಮ. ಹಪ್ಪಳದಾಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ರುದ್ರಮ್ಮ ಕೂತು, ನಾನು ಓದಿದ ಒಂದೊಂದಕ್ಕೂ ಹೋದ ಸಲದಂತೆಯೇ ಉತ್ತರ ಕೊಟ್ಟರು. ನಾಲ್ಕನೆಯದನ್ನು ಓದುವಾಗ ನನ್ನ ದನಿ ನಡುಗಿದ್ದನ್ನು ನಾನು ಮೇಡಂಗೆ ವರದಿ ಮಾಡಿಲ್ಲ. ಸಂಜೆಯೊಳಗೆ ಬೀದಿಯ ಬಾಗಿಲುಗಳೆಲ್ಲ ತೆರೆದವು. ಉತ್ತರಗಳು ಎಷ್ಟು ಚೆನ್ನಾಗಿ ಹೊಂದಿದವೆಂದರೆ ಮೇಡಂ ಫೋನಿನಲ್ಲಿ ಮೊದಲ ಬಾರಿಗೆ "ಭೇಷ್" ಎಂದರು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ನನ್ನ ಅಂಕವನ್ನೂ ಕೂಡಿಸಿದೆ. ಪಟ್ಟಿಯ ಪ್ರಕಾರ, ಚನ್ನಗಿರಿ ತಾಲ್ಲೂಕಿನಲ್ಲಿ ನಾನು ಇದುವರೆಗೆ ಅಳೆದ ಹೆಂಗಸರಲ್ಲೆಲ್ಲ ಅತ್ಯಂತ ನಿರಾತಂಕದವಳು ನಾನೇ. ಇದು ತಪ್ಪು ಎನ್ನುವುದಾದರೆ ಪಟ್ಟಿ ತಪ್ಪು, ಪಟ್ಟಿ ತಪ್ಪಾದರೆ ಪ್ರಬಂಧ ತಪ್ಪು, ಪ್ರಬಂಧ ತಪ್ಪಾದರೆ ಪದವಿ ಇಲ್ಲ. ಬೆವರಿದ ಅಂಗೈಯನ್ನು ದುಪಟ್ಟಾಕ್ಕೆ ಒರೆಸಿಕೊಂಡೆ. ಸದ್ಯಕ್ಕೆ, ಪ್ರಬಂಧ ಒಪ್ಪಿಸುವವರೆಗಾದರೂ, ನನಗೆ ಯಾವ ಆತಂಕವೂ ಇಲ್ಲವೆಂದು ನಂಬಿಕೊಂಡಿರುವುದೇ ಕ್ಷೇಮವೆಂದು ತೀರ್ಮಾನಿಸಿದ್ದೇನೆ. ನಂಬಿಕೆ ಸಡಿಲವಾದೀತೇ ಎಂಬ ಭಯ ಮಾತ್ರ ಆಗಾಗ, ಅಂದರೆ ಯಾವಾಗಲೂ, ಇರುತ್ತದೆ.