ರೇಣುಕಪ್ಪನ ಮೇಷ್ಟ್ರಗಿರಿ

ಸೀತೂರಿನ ಶಾಲೆಯ ಅತಿಥಿ ಶಿಕ್ಷಕಿ ಅರ್ಪಣಾಗೆ ಸಂಬಳ ಕೊಡಲು ಮನೆಗಂದಾಯ ಸ್ವಲ್ಪ ಏರಿಸಬೇಕೆಂದು ಪಂಚಾಯ್ತಿ ಅಧ್ಯಕ್ಷೆ ಕುಸುಮಾ ಬೆಳಗಿನ ಗ್ರಾಮಸಭೆಯಲ್ಲಿ ಹೇಳಿದ್ದೇ ತಡ, ರೇಣುಕಪ್ಪ ಎದ್ದು ನಿಂತ. ಅವನು ಊರಿನಲ್ಲಿ ಕೂಗಿದರೆ ದೂರದ ಕೊಪ್ಪದಲ್ಲಿ ನಾಯಿ ಬೊಗಳುತ್ತದೆ ಎಂಬ ಖ್ಯಾತಿ ಅವನ ಗಂಟಲಿಗಿತ್ತು.

"ಎಂತಕ್ಕೆ ಸಂಬಳ ಮಾರಾಯ್ರೆ? ಫ್ಯಾನಿನ ಕೆಳಗೆ ಕೂತು ಅಆಇಈ ಹೇಳದಕ್ಕಾ? ಅದನ್ನ ನಾನು ಪುಕ್ಕಟೆ ಮಾಡ್ತೀನಿ!"

ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಅರ್ಪಣಾ ತಲೆ ತಗ್ಗಿಸಿದಳು. ಅವಳ ಮನೆ ನಡೆಯುತ್ತಿದ್ದುದೇ ಆ ಸಂಬಳದಿಂದ.

"ಹಂಗಾರೆ ಇವತ್ತೇ ಮಾಡಿ ರೇಣುಕಪ್ಪಣ್ಣ," ಎಂದಳು ಕುಸುಮಾ. "ಸಂಜೆ ಮತ್ತೆ ಸೇರಿ, ಕೈ ಎತ್ತಿಸಿ ತೀರ್ಮಾನ ಮಾಡನ."

ಶಾಲೆಯಲ್ಲಿ ಫ್ಯಾನಿತ್ತು, ಕರೆಂಟಿರಲಿಲ್ಲ. ಒಂದೇ ಕೋಣೆಯಲ್ಲಿ ಐದು ತರಗತಿ. ಒಂದನೇ ಕ್ಲಾಸು ಅಳುವಾಗ ಮೂರನೇ ಕ್ಲಾಸು ಹೊಡೆದಾಡಿತು. ಬಾಗಿಲು ಹಾಕಿದರೆ ನಾಲ್ಕನೇ ಕ್ಲಾಸು ಕಿಟಕಿಯಿಂದ ಇಳಿಯಿತು. ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗಾಯಿತು. "ಸುಮ್ನಿರ್ರೋ!" ಎಂದು ಮಧ್ಯಾಹ್ನದವರೆಗೂ ಕಿರುಚಿ ಕಿರುಚಿ ರೇಣುಕಪ್ಪನ ಗಂಟಲು ಕೂತೇಹೋಯಿತು.

"ಸಾರ್, ಕಿರುಚಬಾರ್ದು," ಎಂದಿತು ಒಂದು ಪುಟ್ಟ ಹುಡುಗಿ. "ಮಾತಾಡಬೇಕು ಅಂದ್ರೆ ಕೈ ಎತ್ತಬೇಕು. ನಮ್ ಟೀಚರ್ ಹೇಳಿದಾರೆ."

ಬೇರೆ ದಾರಿಯಿಲ್ಲದೆ ಅವನು ಕೈ ಎತ್ತಿದ. ಆಶ್ಚರ್ಯ! ಮಕ್ಕಳು ಗಪ್‌ಚಿಪ್. ಅಲ್ಲಿಂದ ಸಂಜೆಯವರೆಗೆ ನೀರು ಕುಡಿಯಬೇಕಾದರೂ ಕೈ ಎತ್ತುವುದು ಅವನಿಗೆ ರೂಢಿಯಾಯಿತು.

ಮಕ್ಕಳು ಹೋದ ಮೇಲೆ ಅವನಿಗೆ ನಾಚಿಕೆ ಹತ್ತಿತು. ಒಬ್ಬ ಹೆಣ್ಣುಮಗಳ ಅನ್ನವನ್ನು ಎಲ್ಲರೆದುರು ತಮಾಷೆ ಮಾಡಿದೆನಲ್ಲ! ಸಭೆಯಲ್ಲೇ ಕ್ಷಮೆ ಕೇಳಿ, ತೆರಿಗೆ ಹಾಕಿ ಎನ್ನಬೇಕೆಂದು ಓಡಿದ.

ಕುಸುಮಾ ಆಗಲೇ ಮೈಕು ಹಿಡಿದಿದ್ದಳು. "ಮಧ್ಯಾಹ್ನದ ಮೇಲೆ ಶಾಲೆ ಕಡೆಯಿಂದ ಒಂದು ಸದ್ದಿಲ್ಲ ಮಾರಾಯ್ರೆ! ತೆರಿಗೆ ಬೇಡ, ರೇಣುಕಪ್ಪಣ್ಣನೇ ಕಲಿಸ್ಲಿ ಅನ್ನೋರು ಕೈ ಎತ್ತಿ."

ಅರ್ಧ ಜನ ಎತ್ತಿದರು, ಅರ್ಧ ಜನ ಎತ್ತಲಿಲ್ಲ. ರೇಣುಕಪ್ಪ ಗಾಬರಿಯಿಂದ "ಬೇಡ" ಎನ್ನಲು ಬಾಯಿ ತೆರೆದ. ಬರೀ ಗಾಳಿ ಬಂತು. ಮಾತಾಡಬೇಕಲ್ಲ, ರೂಢಿಯಂತೆ ಕೈ ಎತ್ತಿದ.

"ನೋಡಿ, ಅವರೇ ಎತ್ತಿದ್ರು! ಒಂದು ಕೈ ಹೆಚ್ಚಾಯ್ತು, ಮುಗೀತು!" ಎಂದಳು ಕುಸುಮಾ.

ಅವನು ಇನ್ನೊಂದು ಕೈಯನ್ನೂ ಎತ್ತಿ ಬೀಸಿದ. ಚಪ್ಪಾಳೆ ಇನ್ನೂ ಜೋರಾಯಿತು.

ಜನ ಕರಗಿದ ಮೇಲೆ ಅರ್ಪಣಾ ಬಂದು, ತನ್ನ ಚೀಲದಿಂದ ಫ್ಲಾಸ್ಕು ತೆಗೆದು ಅವನ ಕೈಗಿಟ್ಟಳು.

"ಶುಂಠಿ ಕಷಾಯ ಸಾರ್. ಐದು ಕ್ಲಾಸಿಗೂ ಪಾಠ ಹೇಳಿ ಹೇಳಿ ನನ್ನ ಗಂಟಲೂ ದಿನಾ ಹಿಂಗೇ ಹೋಗ್ತಿತ್ತು. ಇಟ್ಕೊಳ್ಳಿ, ನಾಳೆಯಿಂದ ನಂಗೆ ಬೇಡ."

ರೇಣುಕಪ್ಪ ತಲೆ ಎತ್ತಲಿಲ್ಲ.