ಇಲ್ಲದ ನೆಗಡಿಗೆ ಮೂರು ಮದ್ದು

ತಪ್ಪೆಲ್ಲ ರಷ್ಯನ್ ಭಾಷೆಯದು. 'ಹೋಗು' ಅನ್ನುವ ಸಣ್ಣ ಕೆಲಸಕ್ಕೆ ಒಂದೇ ಒಂದು ಮಾತು ಇಟ್ಟುಕೊಂಡು ಸುಮ್ಮನಿರಬಾರದಿತ್ತೆ? ಕಾಲಲ್ಲಿ ಹೋದರೆ ಒಂದು, ಟ್ರಾಮಿನಲ್ಲಿ ಹೋದರೆ ಇನ್ನೊಂದು, ಹೋಗಿ ಬಂದರೆ ಬೇರೆ, ದಿನಾ ಹೋಗುತ್ತಿದ್ದರೆ ಮತ್ತೂ ಬೇರೆ. ಮಿನೆಸೋಟಾದಿಂದ ತ್ವೇರ್ ಊರಿಗೆ ರಷ್ಯನ್ ಕಲಿಯಲು ಬಂದಿದ್ದ ಎವರೆಟ್ ಚಳಿಗಾಲವಿಡೀ ಇವನ್ನು ಉರುಹೊಡೆದಿದ್ದ. ಪರೀಕ್ಷೆಯ ದಿನ ಬೆಳಿಗ್ಗೆ ಕಣ್ಣುಬಿಟ್ಟರೆ ತಲೆಯೊಳಗೆ ಒಂದೂ ಉಳಿದಿರಲಿಲ್ಲ. ಎಲ್ಲವೂ ಹೋಗಿದ್ದವು, ಕಾಲಲ್ಲೋ ಟ್ರಾಮಿನಲ್ಲೋ ಗೊತ್ತಿಲ್ಲ.

ಈ ಮೌಖಿಕ ಪರೀಕ್ಷೆಯಲ್ಲಿ ನಪಾಸಾದರೆ ವಿದ್ಯಾರ್ಥಿವೇತನಕ್ಕೆ ಕತ್ತರಿ. ಆಮೇಲೆ ಊರಿಗೆ ಮರಳಿ ಅಪ್ಪನ ಟರ್ಕಿ ಕೋಳಿ ಫಾರಮ್ಮಿನಲ್ಲಿ ಹಿಕ್ಕೆ ಬಳಿಯುವುದೇ ಗತಿ. ಒಂದು ದಿನ ಸಿಕ್ಕರೆ ಸಾಕು, ಎಲ್ಲವನ್ನೂ ಮತ್ತೆ ಓದಿಕೊಂಡೇನು ಅನ್ನಿಸಿತು ಅವನಿಗೆ. ಹಾಗಾಗಿ ಮನೆಯೊಡತಿ ಕ್ಲಾವಾ ಅಜ್ಜಿ ಗಂಜಿ ತಂದಿಟ್ಟಾಗ ಎರಡು ಸಲ ಕೆಮ್ಮಿ, ಒಂದು ಸೀನು ಸೀನಿದ. ಸೀನು ಅವನು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಬಂತು.

"ಆರೋಗ್ಯವಾಗಿರು!" ಅಂದಳು ಅಜ್ಜಿ, ಸೀನಿದವರಿಗೆಲ್ಲ ಅನ್ನುವ ಹಾಗೆ.

"ನೆಗಡಿ, ಅಜ್ಜಿ. ಇವತ್ತು ಪರೀಕ್ಷೆಗೆ ಬರೋಕಾಗಲ್ಲ ಅಂತ ನಮ್ಮ ಮೇಡಂಗೆ ಒಂದು ಫೋನ್ ಮಾಡ್ತೀರಾ?"

ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ. ಅಜ್ಜಿ ಮೇಡಂಗೆ ಫೋನ್ ಮಾಡಿ, "ಹುಡುಗ ಹಾಸಿಗೆ ಹಿಡಿದಿದಾನೆ, ಬರಲ್ಲ" ಅಂದವಳೇ, ಆ ಕಡೆಯಿಂದ ಅವರು ಏನೋ ಹೇಳುತ್ತಿದ್ದಂತೆಯೇ ರಿಸೀವರ್ ಇಟ್ಟುಬಿಟ್ಟಳು. ಅವಳಿಗೆ ಪುರುಸೊತ್ತಿರಲಿಲ್ಲ. ಮೇಲಿನ ಮಹಡಿಯ ಜಿನಾಯಿದಾಗೂ ಕೆಳಗಿನ ಮನೆಯ ತೀಖೋನನಿಗೂ ಸುದ್ದಿ ಮುಟ್ಟಿಸಬೇಕಿತ್ತಲ್ಲ.

"ಮೊನ್ನೆ ತಲೆ ಒದ್ದೆ ಇಟ್ಕೊಂಡು ಟೋಪಿ ಇಲ್ದೆ ಹೊರಗೆ ಹೋದ. ಬಡ್ಕೊಂಡೆ, ಕೇಳಿದ್ನಾ?" ಎನ್ನುತ್ತ ಅಜ್ಜಿ ಒಂದು ಕಪ್ಪು ಮುಲ್ಲಂಗಿಯ ಹೊಟ್ಟೆ ಕೊರೆದು ಜೇನು ತುಂಬಿಸಿದಳು. ಅದರಿಂದ ಇಳಿದ ರಸವನ್ನು ಚಮಚ ಚಮಚವಾಗಿ ಎವರೆಟ್‌ನ ಬಾಯಿಗೆ ಹುಯ್ದಳು. ಅದರ ರುಚಿಯ ಮಾತು ಬೇಡ.

ಜಿನಾಯಿದಾ ನಿವೃತ್ತ ನರ್ಸು. ಬರುವಾಗಲೇ ಗಾಜಿನ ಬುಡ್ಡಿಗಳ ಪೆಟ್ಟಿಗೆ ಹಿಡಿದು ಬಂದಳು.

"ಒದ್ದೆ ತಲೆಯೂ ಇಲ್ಲ, ಮಣ್ಣೂ ಇಲ್ಲ. ಈ ಕಿಟಕಿ ಸಂದಿ ನೋಡು ಕ್ಲಾವಾ, ಗಾಳಿ ಹೇಗೆ ನುಗ್ತಿದೆ!" ಎಂದು ಥರ್ಮಾಮೀಟರನ್ನು ಅವನ ಕಂಕುಳಿಗೆ ತುರುಕಿದಳು. ಜ್ವರದ ಸುಳಿವೇ ಇರಲಿಲ್ಲ.

"ನೋಡಿದ್ರಾ, ಜ್ವರ ಇಲ್ಲ," ಅಂದ ಎವರೆಟ್, ಆಸೆಯಿಂದ.

"ಒಳಗೆ ಅಡಗಿ ಕೂತಿದೆ. ಅಂಥದ್ದೇ ಅಪಾಯ. ಅಂಗಿ ಬಿಚ್ಚು, ಬೋರಲು ಮಲಗು."

ಒಳಗಿನ ಥಂಡಿಯನ್ನು ಹೀರಿ ತೆಗೆಯಲೆಂದು ಒಂದೊಂದು ಬುಡ್ಡಿಯೊಳಗೂ ಬೆಂಕಿ ಆಡಿಸಿ ಅವಳು ಅವನ ಬೆನ್ನಿಗೆ ಒತ್ತುತ್ತ ಹೋದಳು. ಚರ್ಮ ಬೋಂಡದ ಹಾಗೆ ಉಬ್ಬಿ ಬುಡ್ಡಿಯೊಳಗೆ ಎದ್ದಿತು.

"ನಮ್ಮೂರಲ್ಲಿ ಇದಕ್ಕಿಂತ ಹೆಚ್ಚು ಚಳಿ! ಅಲ್ಲೇ ಹುಟ್ಟಿ ಬೆಳೆದೋನು ನಾನು!" ಎಂದು ಅವನು ದಿಂಬಿನೊಳಗಿಂದ ಕೂಗಿದ.

"ಅದು ಅಮೆರಿಕದ ಚಳಿ. ಅದನ್ನೂ ಒಂದು ಚಳಿ ಅಂತಾರಾ?" ಎಂದು ಜಿನಾಯಿದಾ ಇನ್ನೊಂದು ಬುಡ್ಡಿ ಒತ್ತಿದಳು.

ಅಷ್ಟರಲ್ಲಿ ತೀಖೋನ್ ಬಂದ. ಟ್ರಾಮ್ ಓಡಿಸಿ ನಿವೃತ್ತನಾದ ಮುದುಕ. ಒಂದು ಕೈಯಲ್ಲಿ ಮೆಣಸಿನಕಾಯಿ ನೆನೆಹಾಕಿದ ವೋಡ್ಕಾ, ಇನ್ನೊಂದರಲ್ಲಿ ಸಾಸಿವೆ ಪುಡಿ ತುಂಬಿದ ಉಣ್ಣೆ ಕಾಲುಚೀಲ.

"ಇಬ್ಬರಿಗೂ ಗೊತ್ತಿಲ್ಲ. ಈ ಹುಡುಗ ಕಲ್ಲು ಮೆಟ್ಟಿಲ ಮೇಲೆ ಕೂತು ಓದ್ತಿದ್ದ, ನಾನೇ ಕಣ್ಣಾರೆ ಕಂಡೆ. ಥಂಡಿ ಹತ್ತೋದು ಕೆಳಗಿಂದ!" ಎಂದು ಕಾಲುಚೀಲ ತೊಡಿಸಿ ಲೋಟ ನೀಡಿದ. "ಒಂದೇ ಗುಟುಕಿಗೆ ಮುಗಿಸು ತಮ್ಮಾ. ಅರ್ಧ ಬಿಟ್ರೆ ಕಾಯಿಲೆಗೆ ಸಲಿಗೆ ಕೊಟ್ಟ ಹಾಗೆ."

ಹೊಟ್ಟೆಯಲ್ಲಿ ಮೆಣಸಿನಕಾಯಿ, ಪಾದದಲ್ಲಿ ಸಾಸಿವೆ, ಬೆನ್ನಲ್ಲಿ ಬೋಂಡ. ಒಟ್ಟಿನಲ್ಲಿ ಒಗ್ಗರಣೆಯೊಂದೇ ಬಾಕಿ. ಇದಕ್ಕಿಂತ ಪರೀಕ್ಷೆಯೇ ವಾಸಿ ಅನ್ನಿಸಿ ಎವರೆಟ್ ಎದ್ದು ಕೂತ. ಬುಡ್ಡಿಗಳು ಟಪಟಪ ಕಳಚಿ ಬಿದ್ದವು.

"ನಂಗೇನೂ ಆಗಿಲ್ಲ! ಸುಳ್ಳು ಹೇಳ್ದೆ! ಪರೀಕ್ಷೆಗೆ ಹೆದರಿ ಸುಳ್ಳು ಹೇಳ್ದೆ! ಬಿಟ್ಬಿಡಿ ನನ್ನ!"

ಮೂವರೂ ಮುಖ ಮುಖ ನೋಡಿಕೊಂಡರು.

"ಸನ್ನಿ," ಅಂದಳು ಜಿನಾಯಿದಾ ಮೆಲ್ಲಗೆ.

"ಸನ್ನಿಯೇ," ಅಂದ ತೀಖೋನ್. ಅಜ್ಜಿ ಕಣ್ಣೊರೆಸಿಕೊಂಡಳು. ಬೆಳಗಿನಿಂದ ಮೂವರೂ ಒಪ್ಪಿದ ಮಾತು ಅದೊಂದೇ. ಮುಲ್ಲಂಗಿ, ಬುಡ್ಡಿ, ವೋಡ್ಕಾ ಎಲ್ಲವೂ ಮೊದಲಿನಿಂದ ಮತ್ತೆ ಶುರುವಾದವು.

ಸಂಜೆ ಬಾಗಿಲು ಬಡಿದ ಸದ್ದಾಯಿತು. ಬಂದವರು ಎಮ್ಮಾ ಮೇಡಂ, ಪರೀಕ್ಷೆ ನಡೆಸಬೇಕಿದ್ದ ಅವರೇ. ಕಿವಿವರೆಗೆ ಮಫ್ಲರ್ ಸುತ್ತಿದ್ದರು, ಮೂಗು ಕೆಂಪಗಾಗಿತ್ತು, ಕೈಯಲ್ಲಿ ರಾಸ್ಪ್‌ಬೆರಿ ಜಾಮಿನ ಜಾಡಿ.

"ನಿಮ್ಮಜ್ಜಿ ನನ್ನ ಮಾತು ಪೂರ್ತಿ ಕೇಳ್ಲೇ ಇಲ್ವಲ್ಲಪ್ಪ," ಎಂದು ಅವರು ಮಂಚದ ಮೇಲೆ ಕೂತರು. "ನಂಗೇ ವಿಪರೀತ ನೆಗಡಿ. ಪರೀಕ್ಷೇನ ನಾಳೆ ಬೆಳಿಗ್ಗೆಗೆ ಹಾಕಿದೀನಿ ಅಂತ ಹೇಳೋಷ್ಟರಲ್ಲಿ ಫೋನ್ ಇಟ್ಬಿಟ್ರು."

ಎವರೆಟ್‌ಗೆ ಅಳು ಬಂತು. ಬಾಯಿ ಮುಚ್ಚಿಕೊಂಡಿದ್ದರೆ ಬೇಕೆಂದ ದಿನ ತಾನಾಗಿಯೇ ಸಿಗುತ್ತಿತ್ತು. ಈಗ ಪುಸ್ತಕ ತೆರೆದರೆ ಒಂದೊಂದು ಅಕ್ಷರವೂ ಎರಡೆರಡಾಗಿ ಕಾಣುತ್ತಿತ್ತು. ಮೇಡಂ ಜಾಮನ್ನು ಮೊದಲು ತಾವು ಒಂದು ಚಮಚ ರುಚಿ ನೋಡಿ, ಅದೇ ಚಮಚದಲ್ಲಿ ಅವನಿಗೂ ತಿನ್ನಿಸಿದರು. ನಡುನಡುವೆ ಅವನ ಮುಖದ ಮೇಲೆಯೇ ಸೀನಿದರು.

"ನಂಗೂ ಒಂದಿಷ್ಟು ಮದ್ದು ಮಾಡ್ಬಾರ್ದಾ?" ಎಂದು ಅವರು ಕೇಳಿದರೆ ಅಜ್ಜಿ ಖಾಲಿ ಕೈ ತೋರಿಸಿದಳು.

"ಎಲ್ಲಾ ಇವನೊಬ್ಬನಿಗೇ ಮುಗ್ದುಹೋಯ್ತು, ತಾಯಿ."

ಮರುದಿನ ಬೆಳಿಗ್ಗೆ ಎವರೆಟ್ ಏಳುವಾಗ ಗಂಟಲು ಉರಿಯುತ್ತಿತ್ತು, ಮೈ ಕೆಂಡವಾಗಿತ್ತು. ಈ ಸಲ ಸುಳ್ಳಲ್ಲ.

"ಅಜ್ಜಿ, ನಿಜವಾಗ್ಲೂ ನೆಗಡಿ."

ಅಜ್ಜಿ ಥರ್ಮಾಮೀಟರ್ ನೋಡಿದಳು. ಕೊಡವಿ ಡ್ರಾಯರಿನೊಳಗೆ ಹಾಕಿದಳು.

"ಮೆತ್ತಗೆ ಮಾತಾಡು! ನಿಂಗೆ ಇನ್ನೂ ನೆಗಡಿ ಅಂದ್ರೆ ಯಾರ ಮದ್ದು ಕೆಲಸ ಮಾಡ್ಲಿಲ್ಲ? ಜಿನಾಯಿದಾ ನನ್ನ ಮುಲ್ಲಂಗಿ ಅಂತಾಳೆ, ನಾನು ಅವಳ ಬುಡ್ಡಿ ಅಂತೀನಿ, ತೀಖೋನ್ ಇಬ್ರಿಗೂ ಬೈತಾನೆ. ಈ ವಯಸ್ಸಲ್ಲಿ ನಮ್ಮ ನಮ್ಮಲ್ಲೇ ಮಾತು ಬಿಡಿಸ್ತೀಯಾ? ನಿಂಗೆ ವಾಸಿಯಾಗಿದೆ. ಏಳು, ಪರೀಕ್ಷೆಗೆ ಹೊರಡು."

ಮೆಟ್ಟಿಲ ಬಳಿ ಜಿನಾಯಿದಾ, ತೀಖೋನ್ ಇಬ್ಬರೂ ತಮ್ಮ ತಮ್ಮ ರೋಗಿಯನ್ನು ಬೀಳ್ಕೊಡಲು ನಿಂತಿದ್ದರು. ಎವರೆಟ್ ಉಸಿರು ಕಟ್ಟಿ, ಮೂಗು ಬಿಗಿಹಿಡಿದು, ನಗುತ್ತ ಇಳಿದ. ಅಂಗಳ ದಾಟಿ ಬೀದಿಗೆ ಕಾಲಿಟ್ಟನೋ ಇಲ್ಲವೋ, ತಡೆದದ್ದೆಲ್ಲ ಒಂದೇ ಸೀನಾಗಿ ಹೊರಬಿತ್ತು. ಪಾರಿವಾಳಗಳು ಎದ್ದವು. ಅವನು ಹೋಗುವುದನ್ನು ನೋಡಲು ಅಷ್ಟರಲ್ಲಾಗಲೇ ಒಳಗೆ ಸೇರಿದ್ದ ಮೂವರ ಕಿಟಕಿಗಳೂ ಹಿಂದೆ ದಢಾರನೆ ತೆರೆದುಕೊಂಡವು.

"ಆರೋಗ್ಯವಾಗಿರು!" ಎಂದು ಮೂವರೂ ಒಟ್ಟಿಗೆ ಗದರಿದರು.

ಅದು ಅಪ್ಪಣೆ, ಮೀರುವಂತಿರಲಿಲ್ಲ. ಎವರೆಟ್ ತಲೆಯಾಡಿಸಿ, ಮೂಗೊರೆಸಿಕೊಂಡು, ನಡೆದುಕೊಂಡೇ ಪರೀಕ್ಷೆಗೆ ಹೋದ. ಹಾಗೆ ಹೋಗುವುದಕ್ಕೆ ರಷ್ಯನ್ನಿನಲ್ಲಿ ಏನನ್ನುತ್ತಾರೆ ಎಂಬುದು ಮಾತ್ರ ದಾರಿಯುದ್ದಕ್ಕೂ ನೆನಪಾಗಲಿಲ್ಲ.